ತಣ್ಣಗಾಗುವ ಮೊದಲೇ ಮುಗಿದ ಕೆಲಸ

ಜಗತ್ ವೃತ್ತದ ಬಳಿಯ ಆ ರಿಪೇರಿ ಕಂಪನಿಯ ಕಚೇರಿಯಲ್ಲಿ ನನ್ನ ಕೆಲಸ ದೂರು ಬರೆದುಕೊಳ್ಳುವುದು. ಫ್ರಿಜ್, ಎಸಿ, ಯಾವುದು ಕೆಟ್ಟರೂ ಸಾಫ್ಟ್‌ವೇರಿನಲ್ಲಿ ಒಂದು ವರ್ಕ್ ಆರ್ಡರ್ ತೆರೆಯುತ್ತಿದ್ದೆ. ಅದು ಮೆಕ್ಯಾನಿಕ್‌ನ ಫೋನಿಗೆ ಹೋಗುತ್ತಿತ್ತು. ರಿಪೇರಿ ಮುಗಿದ ಮೇಲೆ ಗಿರಾಕಿಯ ಮೊಬೈಲಿಗೆ ಬರುವ ಓಟಿಪಿ ಹಾಕಿದರೆ ಪರದೆಯಲ್ಲಿ ಆ ಆರ್ಡರಿನ ಕೆಂಪು ಗೆರೆ ಹಸಿರಾಗುತ್ತಿತ್ತು, ಮೆಕ್ಯಾನಿಕ್‌ನ ಫೋನಿನಿಂದ ಆ ಕೆಲಸ ಮಾಯವಾಗುತ್ತಿತ್ತು.

ನಮ್ಮ ಮ್ಯಾನೇಜರ್‌ಗೆ ಕೆಂಪು ಕಂಡರೆ ಆಗುತ್ತಿರಲಿಲ್ಲ. ಕೆಟ್ಟ ಯಂತ್ರಗಳ ಬಗ್ಗೆ ಅವರಿಗೆ ಅಂಥ ತಕರಾರೇನೂ ಇರಲಿಲ್ಲ. ತಿಂಗಳ ಕೊನೆಗೆ ಮೇಲಿನವರ ಜೊತೆ ವಿಡಿಯೊ ಮೀಟಿಂಗ್. ಅಂದು ಮಧ್ಯಾಹ್ನ ತಾವೇ ಗಿರಾಕಿಗಳಿಗೆ ಫೋನ್ ಹಚ್ಚಿ, ರಿಪೇರಿಗೆ ಮೊದಲೇ ಓಟಿಪಿ ಕೇಳಿ ಪಡೆಯುತ್ತಿದ್ದರು. ಭಿಕ್ಷೆಗಾದರೂ ಜನ ಬಾಗಿಲಿಗೆ ಹೋಗುತ್ತಾರೆ. ಇವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಬೇಸಿಗೆಯಲ್ಲಿ ಅಂಥದೇ ಒಂದು ಮೀಟಿಂಗ್ ದಿನ. ಬೆಳಿಗ್ಗೆ ಕಮಲಾಪುರದಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಬಾಳೆ ಮಾಗಿಸುವ ಕೋಣೆಯ ಕೂಲಿಂಗ್ ನಿಂತಿತ್ತು, ಒಳಗೆ ಕೆಂಪು ಬಾಳೆ ತುಂಬಿತ್ತು. ಸಂಜೆಯೊಳಗೆ ಸರಿಯಾಗದಿದ್ದರೆ ಅಷ್ಟೂ ಹಣ್ಣು ಕೆಡುತ್ತಿತ್ತು. ನಾನು ಆರ್ಡರ್ ತೆರೆದೆ. ಮಧ್ಯಾಹ್ನ ಆ ಹೆಂಗಸಿಗೆ ಮ್ಯಾನೇಜರ್ ಫೋನ್ ಹಚ್ಚಿದರು.

"ಅಕ್ಕಾರ, ಮೊಬೈಲಿಗೆ ಒಂದು ನಂಬರ್ ಬಂದದ ನೋಡ್ರಿ. ಅದು ಹೇಳಿದ್ರ ಮೆಕ್ಯಾನಿಕ್‌ನ್ನ ಕಳಸ್ತೀನಿ."

ಅವರು ಹೇಳಿದರು. ಗೆರೆ ಹಸಿರಾಯಿತು.

"ಸರ್, ಮೆಕ್ಯಾನಿಕ್ ಇನ್ನಾ ಇಲ್ಲೇ ಖೂಬಾ ಪ್ಲಾಟ್‌ದಾಗೇ ಇದ್ದಾನಲ್ರಿ," ಎಂದೆ.

"ಇರ್ಲಿ ಬಿಡ್ರಿ. ನಾ ಅವಗ ಫೋನ್ ಮಾಡಿ ಹೇಳ್ತೀನಿ."

ಹೇಳಲಿಲ್ಲ. ಮೀಟಿಂಗ್‌ನಲ್ಲಿ ಮೇಲಿನವರು ಹೊಗಳಿದರು, ಇವರು ನಮಗೆಲ್ಲ ಮಿರ್ಚಿ ಭಜಿ ತರಿಸಿದರು. ಮೆಕ್ಯಾನಿಕ್‌ನ ಫೋನಿನಲ್ಲಿ ಕಮಲಾಪುರ ಇರಲೇ ಇಲ್ಲ. ಅವನು ಬ್ರಹ್ಮಪುರದಲ್ಲಿ ಯಾರದೋ ಫ್ರಿಜ್ ಸರಿಮಾಡಿ ಮನೆ ಸೇರಿದ.

ಮರುದಿನ ಆ ಹೆಂಗಸು ಬಸ್ಸಿನಲ್ಲಿ ಬಂದರು. ಕೈಚೀಲವನ್ನು ಮ್ಯಾನೇಜರ್ ಮೇಜಿನ ಮೇಲೆ ಬೋರಲು ಹಾಕಿದರು. ಕಪ್ಪಾಗಿ, ಸಿಪ್ಪೆ ಒಡೆದು, ರಸ ಸೋರುತ್ತಿದ್ದ ಬಾಳೆಹಣ್ಣು.

"ಇದೇನ್ರೀ ಅಕ್ಕಾರ! ಸಿಸ್ಟಮ್‌ದಾಗ ನಿಮ್ಮ ಕೆಲಸ ಆಗ್ಯಾದ ಅಂತ ತೋರಸ್ತದ."

"ಹೌದೇನ್ರಿ ಸಾಹೇಬ್ರ? ಹಂಗಾರ ನಿಮ್ಮ ಸಿಸ್ಟಮ್ ಭಾಳ ಥಂಡಾ ಇರಬೇಕು. ಇವನ್ನೂ ಅದರಾಗೇ ಇಡ್ರಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮ್ಯಾನೇಜರ್ ಕೀಬೋರ್ಡ್ ಎತ್ತಿ ಒರೆಸಿಕೊಂಡರು. ಕ್ಷಮೆ ಕೇಳಲಿಲ್ಲ. ಹಳೆಯ ಆರ್ಡರನ್ನೇ ಮತ್ತೆ ತೆರೆದರೆ ಅದು ಕೆಂಪಾಗುತ್ತಿತ್ತು, ಮೇಲಿನವರಿಗೆ ಕಾಣುತ್ತಿತ್ತು. ಹೊಸದು ತೆರೆಯಲು ನನಗೆ ಹೇಳಿದರು.

"ಹೊಸ ನಂಬರ್ ಬರ್ತದ್ರಿ ಅಕ್ಕಾರ..."

"ಬರ್ಲಿ. ಕೋಣಿ ಥಂಡಾ ಆದಮ್ಯಾಲ ಹೇಳ್ತೀನಿ."

ಮೆಕ್ಯಾನಿಕ್ ಅಂದೇ ಹೋದ. ಕೋಣೆ ಚೆನ್ನಾಗಿ ತಣ್ಣಗಾಯಿತು. ಒಳಗೆ ಇಡಲು ಹಣ್ಣು ಉಳಿದಿರಲಿಲ್ಲ. ಆಡಿದ ಮಾತಿನಂತೆ ಅವರು ನಂಬರ್ ಹೇಳಿದರು.

ಹಸಿರಾದ ಗೆರೆ ನೋಡಿ ಮ್ಯಾನೇಜರ್ ನನ್ನತ್ತ ತಿರುಗಿದರು. "ನೋಡ್ರಿ, ಗಿರಾಕಿ ಒಂದೇ, ಕಂಪ್ಲೀಟ್ ಎರಡು."