ಕಳ್ಳಕಿಸೆಯ ಗುರಲಿಂಗಪ್ಪ

ಬಸವನ ಬಾಗೇವಾಡಿಯ ಬಸ್ ನಿಲ್ದಾಣದೆದುರು ಅಂಗಿ ಹೊಲಿಯುವ ಗುರಲಿಂಗಪ್ಪ ದಿನಕ್ಕೆ ನಲವತ್ತು ಸಲ "ಕೈ ಎತ್ರಿ" ಅನ್ನುವವ. ಊರಿನ ಗಂಡಸರ ಎದೆ, ಬಗಲು, ಹೊಟ್ಟೆಯ ಅಳತೆಯೆಲ್ಲ ಅವನಿಗೆ ಬಾಯಿಪಾಠ. ಯಾರ ಅಂಗಿಯಲ್ಲಿ ಎಲ್ಲಿ ಕಳ್ಳಕಿಸೆ ಇಟ್ಟಿದ್ದಾನೆಂಬುದನ್ನು ಮಾತ್ರ ಹೆಂಡತಿಗೂ ಹೇಳಿದವನಲ್ಲ. ಆದರೆ ಹತ್ತಿ ವ್ಯಾಪಾರಿ ರಾವಸಾಬ ಮುಂಬಯಿಯಿಂದ ದಿಲ್ಲಿಗೆ ವಿಮಾನದಲ್ಲಿ ಹೋಗಿಬಂದು, ಹತ್ತುವ ಮೊದಲು ಪೊಲೀಸರು ಮೈಯೆಲ್ಲ ತಡವಿ ಕಳ್ಳಕಿಸೆಗೂ ಕೈ ಹಾಕಿದ್ದನ್ನು ಚಹಾದಂಗಡಿಯಲ್ಲಿ ವರ್ಣಿಸಿದಾಗಿನಿಂದ ಗುರಲಿಂಗಪ್ಪನಿಗೆ ಅದೊಂದೇ ಮಾತು. "ಮೈ ಮುಟ್ಟಾಕ ಅವರ‍್ಯಾರು? ಕಿಸೆ ಅಂದ್ರ ಮನಷ್ಯಾನ ದೇವರಮನಿ ಇದ್ದಂಗ!" ಎಂದು ಸಿಂದಗಿಯ ಗಿರಾಕಿಗೂ ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರನಿಗೂ ಹಲ್ಲಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ವಾದಿಸುತ್ತಾನೆ. "ವಿಮಾನಾನ ಹಾರಿಸ್ಕೊಂಡು ಹೋಗೋರು ಇರ್ತಾರಪಾ, ನೋಡಬೇಕಲ್ಲ" ಎಂದು ರಾವಸಾಬ ನಕ್ಕರೆ, "ಕಳ್ಳರನ್ನ ನೋಡ್ಲಿ, ಮರ್ಯಾದಸ್ತರನ್ಯಾಕ?" ಎಂದು ಸಿಡುಕುತ್ತಾನೆ, ಮರುಗಳಿಗೆಗೆ ದನಿ ತಗ್ಗಿಸಿ, "ಮತ್ತ ಎಷ್ಟೊತ್ತು ತಡವಿದ್ರು ಸಾವಕಾರ್ರ?" ಎಂದು ಏಳನೆಯ ಸಲ ಕೇಳುತ್ತಾನೆ. ಮೊನ್ನೆ, ಒಗೆಯಲು ಅಂಗಿ ಬಿಚ್ಚಿಕೊಡಿ ಎಂದು ಹೇಳಿ ಹೇಳಿ ಸಾಕಾದ ಹೆಂಡತಿ ಸುಂದರವ್ವ, ಅದು ಅವನ ಮೈಮೇಲಿದ್ದಂತೆಯೇ ಕಿಸೆಗಳನ್ನೆಲ್ಲ ತಡವಿದಳು. ಕಳ್ಳಕಿಸೆಯೂ ಕೈಗೆ ಸಿಕ್ಕಿತು. ರಾವಸಾಬ ಗುಂಡಿ ಹಚ್ಚಲು ಕೊಟ್ಟಿದ್ದ ಅಂಗಿಯ ಕಳ್ಳಕಿಸೆಯಿಂದ ಗುರಲಿಂಗಪ್ಪ ತಾನೇ ಎಗರಿಸಿದ್ದ ವಿಮಾನದ ಟಿಕೆಟ್ಟಿನ ತುಂಡು ಅದರೊಳಗಿಂದ ಹೊರಬಂತು. "ಏನ್ರಿ ಇದು?" ಅಂದಳು ಸುಂದರವ್ವ. ಅವನು ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ ನಿಂತು, "ಬಗಲಾಗ ನೋಡೇ ಇಲ್ಲಲ್ಲ, ಪೂರಾ ನೋಡು" ಅಂದ.