ಉತ್ತರಕ್ಕೆ ಮನೆ

ಗಿಡ ಬೆಳೆಸುವವನಿಗೆ ಮಣ್ಣು, ನೀರು, ಗೊಬ್ಬರ ಇದ್ದರೆ ಸಾಕು ಎಂದುಕೊಂಡಿದ್ದೆ. ಎಂಥ ದಡ್ಡ ನಾನು! ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸ್‌ಗಳಲ್ಲಿ ವರ್ಷಗಟ್ಟಲೆ ಬೇರೆಯವರ ಕೈಕೆಳಗೆ ಲಾನ್ ಹಾಕಿ ಬೇಸತ್ತು, ಶಹಾಬಾದಿನ ಅಂಚಿನಲ್ಲಿ ಒಂದು ತುಂಡು ಜಾಗ ಹಿಡಿದು ಸಸಿ ಇಟ್ಟೆ. ಸಸಿ ಮಾರಲು ಒಂದು ಲೈಸೆನ್ಸ್, ಕೀಟದ ಔಷಧಿ ಇಡಲು ಇನ್ನೊಂದು, ಬೋರ್ಡಿಗೆ ಮತ್ತೊಂದು. ಅಲೆದಲೆದು ಅವನ್ನೆಲ್ಲ ಪಡೆದೆ. ಉಳಿದದ್ದು ವ್ಯಾಪಾರದ ಪರವಾನಗಿ. ಅದಿಲ್ಲದಿದ್ದರೆ ಒಂದು ಶಾಲೆಯವರು ಕೊಡುತ್ತೇವೆಂದಿದ್ದ ತೋಟದ ಕೆಲಸ ಕೈತಪ್ಪುತ್ತಿತ್ತು. ಅದು ನನ್ನ ಮೊದಲ ಸ್ವಂತ ಕೆಲಸ.

ಅದಕ್ಕೆ ಅಕ್ಕಪಕ್ಕದವರ ಒಪ್ಪಿಗೆ ಬೇಕಿತ್ತು. ಆಫೀಸಿನ ಗುಮಾಸ್ತರು ಜಾಗದ ಹಳೆಯ ಪತ್ರ ತೆಗೆದು ಚಕ್ಕುಬಂದಿ ಓದಿದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಗೋದಾಮು, ದಕ್ಷಿಣಕ್ಕೆ ಹೊಲ, ಉತ್ತರಕ್ಕೆ ಮನೆ.

"ಉತ್ತರಕ್ಕ ಮನಿ ಇಲ್ರೀ, ಖಣಿ ಅದ," ಎಂದೆ. ನೆಲಕ್ಕೆ ಹಾಸುವ ಪರಸಿಕಲ್ಲು ತೆಗೆದು ಬಿಟ್ಟ ಹೊಂಡ ಅದು, ತುಂಬ ಹಸಿರು ನೀರು.

"ಹಂಗಿದ್ರ ಮನಿ ಇಲ್ಲಂತ ಮಾಲಕರ ಕಡಿಂದ ಬರಸ್ಕೊಂಡು ಬರ್ರಿ. ಇಲ್ಲಾಂದ್ರ ಮನಿ ಅದ, ತಕರಾರಿಲ್ಲ ಅಂತ ಸಹಿ ಮಾಡಸ್ರಿ. ಎರಡರಾಗ ಒಂದು."

ಎರಡೂ ಬಗೆಯ ಕಾಗದ ಬರೆಸಿಕೊಂಡು ಹೊರಟೆ. ಆ ಉತ್ತರದ ಮನೆಯ ಮಾಲಕಿ ಸಿಕ್ಕಿದ್ದು ವಾಡಿಯಲ್ಲಿ, ಮಗಳ ಕ್ವಾರ್ಟರ್ಸಿನಲ್ಲಿ. ಮುದುಕಿ ದಾಸವಾಳದ ಎಲೆಗಳ ಮೇಲಿನ ಸಿಮೆಂಟ್ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. "ಕುಂದ್ರಿ," ಎಂದಳು. ಮನೆ ಇಲ್ಲವೆಂಬ ಕಾಗದ ಓದಿ ಹೇಳಿ, ಹೆಬ್ಬೆಟ್ಟು ಒತ್ತಿ ಎಂದೆ.

"ಎಲ್ಲಿಗಿ ಹೋಗ್ಯದ ಮನಿ?"

ಖಣಿ ಅಗೆಯುತ್ತ ಅಗೆಯುತ್ತ ಗೋಡೆಯ ಹತ್ತಿರ ಬಂದಾಗ ಅವರು ಮನೆ ಬಿಟ್ಟಿದ್ದರಂತೆ. ಬಾಗಿಲು ಬಿಚ್ಚಿ ತರುತ್ತೇನೆಂದು ಗಂಡ ಒಬ್ಬನೇ ಮರಳಿ ಹೋದ ದಿನವೇ ನೆಲ ಕುಸಿಯಿತು. ಹೊಂಡವನ್ನು ಎಷ್ಟು ಜಾಲಾಡಿದರೂ ಆತನೂ ಸಿಗಲಿಲ್ಲ, ಬಾಗಿಲೂ ಸಿಗಲಿಲ್ಲ.

"ಮನಿ ಇಲ್ಲಂತ ನಾ ಒತ್ತಿಬಿಟ್ರ, ಅವ್ರು ಎಲ್ಲಿರಬೇಕ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಹೊಟ್ಟೆಪಾಡಿನ ನಡುವೆ ಇದೆಲ್ಲಿಯ ಪುರಾಣ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆಯೇ ಹೇಳಿದಳು: "ಮುಂಜಾನಿ ಗಿಡಕ್ಕ ನೀರ ಹಾಕೋವಾಗ ನೀವು ಭಾಳ ಕೆಮ್ಮಾಕತ್ತೀರಂತ. ಔಷಧ ತಗೋರಿ. ಅವ್ರು ಮರುಗ್ತಾರ."

ನಾನು ಕೆಮ್ಮುತ್ತಿದ್ದದ್ದು ನಿಜ. ಆದರೆ ಆಕೆಯ ಮುಂದೆ ಒಮ್ಮೆಯೂ ಕೆಮ್ಮಿರಲಿಲ್ಲ. ಆಕೆ ಶಹಾಬಾದಿನ ಕಡೆ ಕಾಲಿಟ್ಟು ಎಷ್ಟೋ ವರ್ಷವಾಯಿತೆಂದು ಮಗಳು ಹೇಳಿದಳು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಇನ್ನೊಂದು ಕಾಗದ ತೆಗೆದು ಓದಿದೆ: ಉತ್ತರಕ್ಕೆ ನನ್ನ ಮನೆ ಇದೆ, ತಕರಾರಿಲ್ಲ. ಮುದುಕಿ ನಕ್ಕು ಹೆಬ್ಬೆಟ್ಟು ಒತ್ತಿದಳು.

ವಾರ ಕಳೆದು, ಸುಡುವ ಮಧ್ಯಾಹ್ನ ಆಫೀಸಿನ ಸಾಹೇಬರು ಜಾಗದ ತಪಾಸಣೆಗೆ ಬಂದರು. ಕಾಗದ ಹಿಡಿದು ಹೊಂಡದ ದಂಡೆಯಲ್ಲಿ ನಿಂತರು.

"ಎಲ್ಲದರೀ ಮನಿ? ಸುಳ್ಳು ಕಾಗದ ಕೊಟ್ಟೀರೇನು?" ಎಂದು ಅಬ್ಬರಿಸಿದರು.

ಮನೆ ಇಲ್ಲವೆಂದು ಒಪ್ಪಿಕೊಂಡು ಕಾಲು ಹಿಡಿದಿದ್ದರೆ ಅವರು ಬೇರೆ ಕಾಗದ ಬರೆಸಿಕೊಳ್ಳುತ್ತಿದ್ದರೋ ಏನೋ. ಆದರೆ ಮನೆ ಇಲ್ಲವೆಂದು ಬರೆದುಕೊಡಲು ನನ್ನ ಕೈ ಏಳಲಿಲ್ಲ. ನೀರಿನ ಕಡೆ ಬೆರಳು ತೋರಿಸಿದೆ.

"ಮೆಲ್ಲಗ ಮಾತಾಡ್ರಿ ಸಾಹೇಬ್ರ," ಎಂದೆ. "ಮನಿಯವ್ರು ಒಳಗ ಅದಾರ."

ಸಾಹೇಬರು ನೀರನ್ನೇ ನೋಡುತ್ತ ನಿಂತರು. ಆಮೇಲೆ ದಂಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಮನೆ ಇದೆ ಎಂದು ಬರೆದುಕೊಂಡರು.