ತಮ್ಮ ಕುಣಿಗಲ್ಲಿಗೆ ಹೋದ ವರ್ಷ

ಆಗೆಲ್ಲ ಬಾಣಂತಿ ಇರುವ ಮನೆಯನ್ನು ಬೀದಿಯಲ್ಲಿ ಹೋಗುವವರು ವಾಸನೆಯಿಂದಲೇ ಗುರುತು ಹಿಡಿಯುತ್ತಿದ್ದರು. ಸುಟ್ಟ ಬೆಳ್ಳುಳ್ಳಿ, ತೇಯ್ದ ಬಜೆ, ಸಾಂಬ್ರಾಣಿ ಹೊಗೆ, ಹಂಡೆಯ ನೀರಿನಲ್ಲಿ ಕುದಿಯುವ ಲಕ್ಕಿ ಸೊಪ್ಪು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಚೇಳೂರಿನ ಹತ್ತಿರದ ನಮ್ಮ ಮನೆಗೂ ಆ ವಾಸನೆ ಬಂತು. ನಾನು ಹುಟ್ಟಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ ತಮ್ಮ. ಅಪ್ಪ ಜಿಲೇಬಿ ತಂದು ಬೀದಿಗೆಲ್ಲ ಹಂಚಿದ.

ಅಮ್ಮನಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನ ಮಾಡಿದವಳು ಅಪ್ಪನ ತಾಯಿ, ನಮ್ಮಜ್ಜಿ. ಮಾಡುವುದನ್ನೆಲ್ಲ ಚೆನ್ನಾಗಿಯೇ ಮಾಡಿದಳು. ಆದರೆ ಮೂರನೇ ವಾರಕ್ಕೆ ಅಮ್ಮ ನಿದ್ದೆ ಮಾಡುವುದನ್ನೇ ಬಿಟ್ಟಳು. ತಟ್ಟೆಯಲ್ಲಿ ಕಲಸಿಟ್ಟ ಮೆಣಸಿನ ಸಾರನ್ನ ಹಾಗೇ ಆರಿ ತಣ್ಣಗಾಗುತ್ತಿತ್ತು. ಮಗು ಅತ್ತರೂ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಇದು ನಮ್ ಪಾಪು ಅಲ್ಲ ಕಣೇ. ಬದಲಾಯ್ಸವ್ರೆ. ಅಜ್ಜಿಗೆ ಹೇಳ್ಬೇಡ."

ನಾನು ನಕ್ಕೆ. ಅಮ್ಮ ನಗಲಿಲ್ಲ.

ಅಜ್ಜಿಗೆ ಹೇಳಿದೆ. "ಬಾಣಂತಿ ಸನ್ನಿ" ಎಂದು ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಾರನ್ನೋ ಕರೆಸಿ ತಾಯಿತ ಕಟ್ಟಿಸಿದಳು. ಬಾಗಿಲಿಗೆ ಬೇವಿನ ಸೊಪ್ಪು, ಅಮ್ಮನ ತಲೆದಿಂಬಿನ ಕೆಳಗೆ ಕುಡುಗೋಲು ಬಂದವು. ಮೂರು ದಿನವಾದ ಮೇಲೆ ಏನೋ ಹೊಳೆದವಳಂತೆ ಅಜ್ಜಿಯೇ ಓಡಿ ಹೋಗಿ ಆ ಕುಡುಗೋಲನ್ನು ತೆಗೆದು ಅಟ್ಟದ ಮೇಲಿಟ್ಟಳು.

"ತುಮಕೂರ್ನಾಗೆ ಡಾಕ್ಟ್ರಿಗೆ ತೋರ್ಸಾಣ ಅವ್ವ" ಎಂದ ಅಪ್ಪ.

"ಹುಚ್ಚಿ ಅಂತ ಹೆಸ್ರು ಬಂದ್ರೆ ನಾಳೆ ಈ ಹೆಣ್ಣುಡ್ಗೀನ ಯಾರ್ಲಾ ಮದ್ವೆ ಆಯ್ತಾರೆ?" ಎಂದು ಅಜ್ಜಿ ನನ್ನತ್ತ ಕೈ ತೋರಿಸಿದಳು. ಅಪ್ಪ ಎದ್ದು ಹೊಲಕ್ಕೆ ಹೋದ.

ನನ್ನನ್ನು ಸ್ಕೂಲಿನಿಂದ ಬಿಡಿಸಿ ಮನೆಯಲ್ಲಿ ಕೂರಿಸಿದರು. "ಪಾಪುನ ನಿಮ್ಮಮ್ಮನ್ ಜೊತೆ ಒಂಟಿಯಾಗಿ ಬುಡ್ಬೇಡ" ಎಂಬುದೊಂದೇ ಕೆಲಸ. ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಒಬ್ಬಳೇ ಕಲ್ಲಾಡುತ್ತ ಕೂತಿರುತ್ತಿದ್ದೆ. ಬೇಸರವಾದರೆ ತಮ್ಮನ ಕತ್ತಿನ ಮಡಿಕೆಗೆ ಮೂಗಿಟ್ಟು ಮೂಸುತ್ತಿದ್ದೆ. ಹಾಲೂ ಹರಳೆಣ್ಣೆಯೂ ಬೆರೆತ ಹುಳಿ ವಾಸನೆ.

ರಾಗಿ ಕೊಯ್ಲಿನ ಒಂದು ದಿನ ಎಲ್ಲರೂ ಹೊಲದಲ್ಲಿದ್ದರು. ಅಮ್ಮ ಕಣ್ಣು ಮುಚ್ಚಿ ಮಲಗಿದ್ದಳು, ಪಕ್ಕದಲ್ಲಿ ಮಗು. ಬೀದಿಯಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. "ಒಂದೇ ಆಟ ಬಾರೇ" ಎಂದು ಕರೆದರು. ಹೋದೆ. ಒಂದು ಹೋಗಿ ನಾಲ್ಕು ಆಟವಾಯಿತು.

ವಾಪಸು ಬಂದಾಗ ಕೋಣೆ ಖಾಲಿ.

ಅಮ್ಮ ಹಿತ್ತಲಿನಲ್ಲಿದ್ದಳು. ದನಗಳು ನೀರು ಕುಡಿಯುವ ಸಿಮೆಂಟ್ ತೊಟ್ಟಿಯ ಪಕ್ಕದಲ್ಲಿ ಮಗುವನ್ನೆತ್ತಿಕೊಂಡು ನೀರು ನೋಡುತ್ತ ನಿಂತಿದ್ದಳು. ಬರೀ ನಿಂತಿದ್ದಳು. "ಅಮ್ಮಾ" ಎಂದೆ. ತಿರುಗಿದವಳು ತಾನಾಗಿಯೇ ಮಗುವನ್ನು ನನ್ನ ಕೈಗಿಟ್ಟಳು. "ತಗೋ, ಭಾರ" ಎಂದಳು.

ಅಷ್ಟರಲ್ಲಿ ಹೊಲದವರಿಗೆ ಬುತ್ತಿ ಒಯ್ಯಲು ಅಜ್ಜಿ ಬಂದಳು. ನಮ್ಮನ್ನು ನೋಡಿ, "ಎಲ್ ಸತ್ತಿದ್ಯೇ ನೀನು?" ಎಂದು ನನಗೆ ಹೊಡೆಯಲು ಕೈ ಎತ್ತಿದಳು. ಆ ಕೈ ನೋಡಿ ನನ್ನ ಬಾಯಿಂದ ಮಾತು ತಾನಾಗಿ ಹೊರಟಿತು.

"ಅಮ್ಮ ಪಾಪುನ ತೊಟ್ಟಿಗಾಕ್ತಿತ್ತು ಅಜ್ಜಿ. ನಾನೇ ಓಡ್ಬಂದು ಕಿತ್ಕಂಡೆ."

ಎತ್ತಿದ ಕೈಯಲ್ಲೇ ಅಜ್ಜಿ ನನ್ನನ್ನು ತಬ್ಬಿಕೊಂಡು "ನನ್ ಬಂಗಾರ" ಎಂದು ಅತ್ತಳು. ಅಮ್ಮ ಕೇಳಿಸಿಕೊಂಡಳು. ಕೋಣೆಯ ಕಡೆ ನಡೆದಳು.

ಕೋಣೆಗೆ ಹೊರಗಿನಿಂದ ಚಿಲಕ ಬಿತ್ತು. ಮಾರನೆಯ ದಿನ ಕುಣಿಗಲ್ಲಿನಿಂದ ಅಪ್ಪನ ತಂಗಿ, ನಮ್ಮತ್ತೆ ಬಂದಳು. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಅವಳಿಗೆ ಮಕ್ಕಳಿರಲಿಲ್ಲ. "ಅತ್ತಿಗೆ ಹುಷಾರಾಗೋವರ್ಗೂ ಅಷ್ಟೇ" ಎಂದು ತಮ್ಮನನ್ನು ಟವೆಲಿನಲ್ಲಿ ಸುತ್ತಿಕೊಂಡಳು. ಅವನ ಕುಲಾವಿಗಳನ್ನು ಚೀಲಕ್ಕೆ ತುಂಬಿ ಕೊಟ್ಟವಳು ನಾನೇ. ಹೊರಡುವಾಗ ಬಾಗಿಲ ಹಿಂದಿನಿಂದ ಅಮ್ಮನ ದನಿ ಕೇಳಿಸಿತು.

"ಹಾಲು ಕುಡ್ಸಿ ಕಳ್ಸ್ತೀನಿ. ಒಂದ್ಗಳಿಗೆ ಕೊಡಿ."

ಯಾರೂ ಚಿಲಕ ತೆಗೆಯಲಿಲ್ಲ.

ಆ ವಾರವೇ ಅಪ್ಪ ಅಜ್ಜಿಯನ್ನು ಕೇಳದೆ ಅಮ್ಮನನ್ನು ತುಮಕೂರಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಮಾತ್ರೆ ನುಂಗಿ ಅಮ್ಮ ದಿನಗಟ್ಟಲೆ ನಿದ್ದೆ ಮಾಡಿದಳು. ಯುಗಾದಿಯ ಹೊತ್ತಿಗೆ ಮೊದಲಿನ ಹಾಗೇ ಆದಳು. ನಾವೆಲ್ಲ ಮಗುವನ್ನು ಕರೆತರಲು ಕುಣಿಗಲ್ಲಿಗೆ ಹೋದೆವು. ತಮ್ಮ ಅತ್ತೆಯ ಕತ್ತು ತಬ್ಬಿಕೊಂಡು, ಅಮ್ಮ ಕೈ ಚಾಚಿದರೆ ಅಳುತ್ತಿದ್ದ. ಅತ್ತೆಯೂ ಅತ್ತಳು. "ಇನ್ನೊಂದ್ ಸಲ ಹಂಗಾದ್ರೆ ಏನ್ ಗತಿ?" ಎಂದಳು ಅಜ್ಜಿ. ಅಪ್ಪ ನನ್ನ ಕಡೆ ತಿರುಗಿದ.

"ಅವತ್ತು ನೀನ್ ಕಣ್ಣಾರೆ ನೋಡ್ದಲ್ಲ? ನಿಜ ಹೇಳವ್ವ."

ನಿಜ ಹೇಳಲು ನನಗೆ ಸಿಕ್ಕ ಗಳಿಗೆ ಅದೊಂದೇ. ಎಲ್ಲರೂ ಕಾಯುತ್ತಿದ್ದರು. ಅಮ್ಮನೂ. ನಾನು ನೆಲ ನೋಡಿಕೊಂಡು "ಹೂಂ" ಎಂದೆ.

ತಮ್ಮನನ್ನು ಅಲ್ಲೇ ಬಿಟ್ಟು ಬರುವಾಗ ಬಸ್ಸಿನಲ್ಲಿ ನಾನು ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. 

ಈಗ ನಾನು ತುಮಕೂರಿನಲ್ಲಿದ್ದೇನೆ, ಒಬ್ಬ ಮಗಳ ತಾಯಿ. ಅವಳು ಹುಟ್ಟಿದ ಮೇಲೆ ನನಗೂ ನಿದ್ದೆ ಹಾರಿಹೋಯಿತು. ಮಗುವನ್ನು ಮುಟ್ಟಲು ಭಯ. ಯಾರಿಗೂ ಹೇಳಿರಲಿಲ್ಲ. ಬಾಣಂತನಕ್ಕೆ ಬಂದಿದ್ದ ಅಮ್ಮ ಎರಡೇ ದಿನದಲ್ಲಿ ಕಂಡುಹಿಡಿದಳು. "ಏಳೇ, ಡಾಕ್ಟ್ರ ಹತ್ರ ಹೋಗಣ" ಎಂದು ಅವತ್ತೇ ಆಟೋ ಹತ್ತಿಸಿದಳು. ವಾಸಿಯಾಗಲು ತಿಂಗಳುಗಳು ಹಿಡಿದವು. ಅಷ್ಟೂ ದಿನ ಮಗುವನ್ನು ನನ್ನ ಮಗ್ಗುಲಲ್ಲೇ ಮಲಗಿಸಿ ತಾನೂ ಅಲ್ಲೇ ಕೂತಿರುತ್ತಿದ್ದಳು. ಮಗುವನ್ನು ಆಚೆ ಒಯ್ಯಲು ಯಾರಿಗೂ ಬಿಡಲಿಲ್ಲ.

ಚೇತರಿಸಿಕೊಂಡ ಮೇಲೆ ಒಂದು ದಿನ, ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಹೇಳಿಬಿಟ್ಟೆ.

"ಅಮ್ಮಾ, ಅವತ್ತು ನೀನು ಸುಮ್ನೆ ನಿಂತಿದ್ದೆ. ನಾನು ಸುಳ್ಳು ಹೇಳ್ದೆ."

ಅವಳ ಕೈ ನಿಲ್ಲಲಿಲ್ಲ. "ಗೊತ್ತು ಕಣೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಸುಮ್ನೆ ನಿಂತಿದ್ದೇನೋ ನಿಜ. ಯಾಕ್ ನಿಂತಿದ್ದೆ ಅಂತ ನಂಗೇ ಗೊತ್ತಿಲ್ವಲ್ಲ. ಏನಂತ ಹೇಳ್ಲಿ?"



ತಮ್ಮ ಕುಣಿಗಲ್ಲಿನಲ್ಲೇ ಓದಿ ಅಲ್ಲೇ ಕೆಲಸಕ್ಕೆ ಸೇರಿದ. ತಾನು ಯಾರ ಮಗ ಎಂಬುದು ಅವನಿಗೆ ಗೊತ್ತು. ಅತ್ತೆಯನ್ನು "ಅಮ್ಮಾ, ನೀನು ಸುಮ್ನಿರು" ಎಂದು ಗದರುತ್ತಾನೆ, ಮುನಿಸಿಕೊಳ್ಳುತ್ತಾನೆ. ಹಬ್ಬಕ್ಕೆ ನಮ್ಮ ಮನೆಗೆ ಬಂದರೆ ಮಾತ್ರ ಮೈಯೆಲ್ಲ ಹಿಡಿಯಾಗಿಸಿಕೊಂಡು ಊಟಕ್ಕೆ ಕೂರುತ್ತಾನೆ. ಅಮ್ಮ ಎರಡೆರಡು ಸಲ ತುಪ್ಪ ಬಡಿಸುತ್ತಾಳೆ.

"ಸಾಕು ಅತ್ತೆ. ನೀವೂ ಕೂತ್ಕೊಳಿ" ಎನ್ನುತ್ತಾನೆ.

ನಮ್ಮ ಕಡೆ ಹೆತ್ತವಳಿಗೆ ಯಾರೂ "ನೀವು" ಅನ್ನುವುದಿಲ್ಲ.